ಎಲ್ಲರಿಗೂ ಚಿಕಿತ್ಸೆ ಸರಿ, ದುಡ್ಡು ಯಾರು ಕೊಡಬೇಕು?

ರಾಯಚೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ದಲಾಲಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಊರಿನಲ್ಲಿ ಆರಂಭವಾದ ಧರಣಿಗೆ ಬಿಡುವಾದಾಗ ಹೋಗಿ ಕುಳಿತು ಬಂದವನೂ ಹೌದು. ಇವೆರಡೂ ಸೇರಿ ನನಗೊಂದು ಪ್ರಶ್ನೆಯನ್ನು ಅಂಟಿಸಿಬಿಟ್ಟಿವೆ: “ಎಲ್ಲರಿಗೂ ಉಚಿತ ಚಿಕಿತ್ಸೆ ಬೇಕು ಎನ್ನುತ್ತೀರಿ, ಒಪ್ಪೋಣ. ದುಡ್ಡು ಎಲ್ಲಿಂದ ಬರಬೇಕು? ನೀವೇ ಲೆಕ್ಕದವರು, ಹೇಳಿ ನೋಡೋಣ.” ಕೇಳುವವರು ಬಹುಪಾಲು ವ್ಯಾಪಾರಿಗಳು, ಸಂಬಳದಾರರು. ಹಮಾಲರು ಇದನ್ನು ಕೇಳಿದ್ದು ನನಗೆ ನೆನಪಿಲ್ಲ. ಅವರು ಕೇಳುವುದು “ಸ್ವಲ್ಪ ಮುಂಗಡ ಸಿಗುತ್ತದೆಯೇ ಗುಮಾಸ್ತರೇ” ಎಂದು.

ಲೆಕ್ಕದವನಾಗಿ ನಾನು ಮೊದಲು ನೋಡುವುದು ಈಗ ಯಾರು ಕೊಡುತ್ತಿದ್ದಾರೆ ಎಂಬುದನ್ನು. ಅಂಗಡಿಯ ಖಾತೆ ಪುಸ್ತಕದಲ್ಲಿ ರೈತರ ಹೆಸರಿನ ಮುಂದೆ ಬೀಜ, ಗೊಬ್ಬರ, ಎಣ್ಣೆ ಎಂದು ಮುಂಗಡದ ಕಾರಣ ಬರೆದಿರುತ್ತದೆ. ನಡುನಡುವೆ ‘ದವಾಖಾನೆ’ ಎಂದಿರುತ್ತದೆ. ಸೊಸೆಯ ಹೆರಿಗೆ, ಅಪ್ಪನ ಲಕ್ವ, ಹೊಲದಲ್ಲಿ ಹಾವು ಕಡಿದ ಮಗ. ಬೀಜದ ಸಾಲ ಬೆಳೆಯಾಗಿ ತಿರುಗಿ ಬರುವ ಭರವಸೆಯಾದರೂ ಇದೆ. ದವಾಖಾನೆಯ ಸಾಲಕ್ಕೆ ಅದೂ ಇಲ್ಲ. ಹತ್ತಿ ತೂಕವಾದ ದಿನ ಅಸಲು ಬಡ್ಡಿ ಎರಡನ್ನೂ ಮುರಿದುಕೊಂಡು ಉಳಿದದ್ದನ್ನು ರೈತನ ಕೈಗೆ ಕೊಡುತ್ತಾರೆ. ಕೆಲವೊಮ್ಮೆ ಉಳಿಯುವುದು ಬಸ್ಸಿನ ಚಾರ್ಜು.

ಐವತ್ತು ಸಾವಿರದ ಮುಂಗಡ ಎಂದುಕೊಳ್ಳಿ. ನಮ್ಮ ಕಡೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ಸಾಹುಕಾರ ಒಳ್ಳೆಯವನು ಎಂದೇ ಅರ್ಥ. ಆ ಲೆಕ್ಕಕ್ಕೆ ವರ್ಷದ ಬಡ್ಡಿ ಹನ್ನೆರಡು ಸಾವಿರ. ಇದೇ ಐವತ್ತು ಸಾವಿರವನ್ನು ರಾಜ್ಯ ಸರ್ಕಾರ ಮಾರುಕಟ್ಟೆಯಲ್ಲಿ ಸಾಲ ತಂದು ಅದೇ ರೋಗಿಗೆ ಖರ್ಚು ಮಾಡಿದ್ದರೆ ಬಡ್ಡಿ ಶೇಕಡಾ ಏಳರ ಆಸುಪಾಸು, ಅಂದರೆ ಮೂರೂವರೆ ಸಾವಿರ. ತೆರಿಗೆಯ ಹಣದಿಂದ ಕೊಟ್ಟಿದ್ದರೆ ಅದೂ ಇಲ್ಲ. “ಸರ್ಕಾರದ ಬಳಿ ದುಡ್ಡಿಲ್ಲ, ಆದ್ದರಿಂದ ಜನರೇ ನೋಡಿಕೊಳ್ಳಲಿ” ಎನ್ನುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎಲ್ಲಕ್ಕಿಂತ ದುಬಾರಿ ದರದಲ್ಲಿ ಸಾಲ ತರುವವನ ಹೆಗಲ ಮೇಲೆ ಖರ್ಚನ್ನು ಹೊರಿಸಿ ಅದನ್ನು ಉಳಿತಾಯ ಎನ್ನುತ್ತಿದ್ದೇವೆ. ಬಡ್ಡಿಯ ಆಚೆಗೂ ಲೆಕ್ಕವಿದೆ: ಲೀಜಿಗೆ ಹೋದ ಎರಡು ಎಕರೆ, ಮಾರಿದ ಎತ್ತು, ಶಾಲೆ ಬಿಡಿಸಿ ಬೆಂಗಳೂರಿಗೆ ಗುಳೆ ಹೋದ ಮಗಳು. ಇವು ಯಾವ ಬಜೆಟ್ಟಿನ ಪುಸ್ತಕದಲ್ಲೂ ಆರೋಗ್ಯದ ಖರ್ಚು ಎಂದು ದಾಖಲಾಗುವುದಿಲ್ಲ.

ದೇಶದ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇ 64.2ರಷ್ಟನ್ನು ಜನ ನೇರವಾಗಿ ಜೇಬಿನಿಂದ ಕೊಡುತ್ತಿದ್ದರು. 2021-22ರ ಹೊತ್ತಿಗೆ ಅದು ಶೇ 39.4ಕ್ಕೆ ಇಳಿದಿದೆ. ಇಳಿಕೆ ದೊಡ್ಡದು, ಸಂತೋಷ. ನಮ್ಮ ಅಂಗಡಿಯ ಖಾತೆ ಅಷ್ಟು ಇಳಿದಂತೆ ನನಗೆ ಕಾಣುವುದಿಲ್ಲ, ಆದರೆ ಒಂದು ಅಂಗಡಿಯಿಂದ ದೇಶವನ್ನು ಅಳೆಯಲು ಹೋಗಬಾರದು. ಸರ್ಕಾರಗಳೆಲ್ಲ ಸೇರಿ ಆರೋಗ್ಯಕ್ಕೆ ಮಾಡಿದ ಖರ್ಚು 2021-22ರಲ್ಲಿ ದೇಶದ ಒಟ್ಟು ಉತ್ಪನ್ನದ ಶೇ 1.84. ಇದನ್ನು 2025ರೊಳಗೆ ಶೇ 2.5ಕ್ಕೆ ಏರಿಸುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದುಕೊಟ್ಟವರು ನಾವೇ. ಅದಕ್ಕೂ ಬಹಳ ಹಿಂದೆ, 1946ರಲ್ಲೇ, ಹಣವಿಲ್ಲದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂದು ಭೋರ್ ಸಮಿತಿ ಹೇಳಿತ್ತು.

ಹಾಗಾದರೆ ಯಾವ ದಾರಿ? “ವಿಮೆ ಮಾಡಿಸಿಕೊಳ್ಳಲಿ” ಎನ್ನುವುದು ಮೊದಲ ಉತ್ತರ. ಖಾಸಗಿ ವಿಮೆ ಇಷ್ಟವಿದ್ದವರು ಸೇರುವಂಥದ್ದು. ಕಾಯಿಲೆಯ ಭಯವಿದ್ದವರು ಮುಂದೆ ಬರುತ್ತಾರೆ, ಗಟ್ಟಿಮುಟ್ಟಾದವರು ಆಮೇಲೆ ನೋಡೋಣ ಎನ್ನುತ್ತಾರೆ. ಕಂತು ಏರುತ್ತದೆ. ಏರಿದಾಗ ಇನ್ನಷ್ಟು ಜನ ಬಿಡುತ್ತಾರೆ. ಕಂಪನಿ ಮೊದಲೇ ಇದ್ದ ಕಾಯಿಲೆ ಎಂದು ಷರತ್ತು ಹಾಕುತ್ತದೆ. ಕಂಪನಿ ದುಷ್ಟವಾಗಿಲ್ಲದಿದ್ದರೂ ಇದು ಹೀಗೆಯೇ ನಡೆಯುತ್ತದೆ.

ಎರಡನೆಯದು ಸಂಬಳದಿಂದ ಕಡಿತ. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿ ಆರಂಭಿಸಿದ ಪದ್ಧತಿ. ನಮ್ಮಲ್ಲಿ 1948ರ ಕಾಯ್ದೆಯಿಂದ ಶುರುವಾದ ಕಾರ್ಮಿಕರ ವಿಮೆ ಇಎಸ್‌ಐ ಅದರ ದೂರದ ಬಂಧು. ಮಾಲೀಕನಿಂದ ಸಂಬಳದ ಶೇ 3.25, ಕಾರ್ಮಿಕನಿಂದ ಶೇ 0.75. ವ್ಯವಸ್ಥೆ ಚೆನ್ನಾಗಿಯೇ ಇದೆ, ಸಂಬಳದ ಚೀಟಿ ಇದ್ದವರಿಗೆ. ರಾಯಚೂರು ಜಿಲ್ಲೆಯಲ್ಲಿ ಅಂಥ ಚೀಟಿ ಸಿಗುವುದು ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರ, ಸರ್ಕಾರಿ ಕಚೇರಿ, ಬ್ಯಾಂಕು, ಇಂಥ ಕಡೆ. ಹತ್ತಿ ಬಿಡಿಸುವ ಹೆಂಗಸಿಗೆ ಕೆಜಿ ಲೆಕ್ಕ, ಹಮಾಲನಿಗೆ ಚೀಲದ ಲೆಕ್ಕ. ಯಾವ ಸಂಬಳದಿಂದ ಎಷ್ಟು ಕಡಿಯುತ್ತೀರಿ?

ಇದನ್ನು ಮೀರಲು ಕರ್ನಾಟಕದಲ್ಲೇ ಒಂದು ಒಳ್ಳೆಯ ಪ್ರಯತ್ನ ನಡೆಯಿತು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಆರಂಭದ ಕಂತು ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು. ಐದು ರೂಪಾಯಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದಾಗ ನಂಬದವರು ಎಷ್ಟೋ ಜನ. ಆದರೂ ಅದು ಸಂಘದ ಸದಸ್ಯರಿಗೆ ಮಾತ್ರ, ಸರ್ಕಾರದ ಸಹಾಯಧನವೂ ಬೇಕಾಯಿತು. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿ, 2022ರ ಕೊನೆಗೆ ಮತ್ತೆ ಪ್ರತ್ಯೇಕವಾಗಿ ಎದ್ದಿತು.

ಉಳಿಯುವುದು ತೆರಿಗೆ. ನನ್ನ ಉತ್ತರ ಅದೇ. ಬ್ರಿಟನ್ 1948ರ ಜುಲೈ 5ರಂದು ಆರಂಭಿಸಿದ ಆರೋಗ್ಯ ವ್ಯವಸ್ಥೆ ನಡೆಯುವುದು ಬಹುತೇಕ ತೆರಿಗೆಯ ಮೇಲೆ. ಈ ಮಾತು ಬಂದ ಕೂಡಲೇ ಗಂಜಿನಲ್ಲಿ ಒಬ್ಬರಲ್ಲ ಒಬ್ಬರು ಹೇಳುತ್ತಾರೆ, “ತೆರಿಗೆ ಕಟ್ಟುವವರು ನಾವು, ಉಣ್ಣುವವರು ಅವರು.” ಆದಾಯ ತೆರಿಗೆಯ ಮಟ್ಟಿಗೆ ಸರಿ. ಆದರೆ ಹಮಾಲ ಮೊಬೈಲ್ ರೀಚಾರ್ಜ್ ಮಾಡಿಸಿದಾಗ ಶೇ 18ರ ಜಿಎಸ್‌ಟಿ ಕೊಡುತ್ತಾನೆ, ಸಾಹುಕಾರ ಕೊಡುವ ದರವೇ ಅದು. ಅವನ ಚಪ್ಪಲಿ, ಮನೆಯ ಸಿಮೆಂಟು, ಟ್ರ್ಯಾಕ್ಟರಿನ ಡೀಸೆಲ್ ಎಲ್ಲದರಲ್ಲೂ ಸರ್ಕಾರದ ಪಾಲಿದೆ. ಸಂಜೆ ಅವನು ಕುಡಿಯುವ ಕ್ವಾರ್ಟರಿನಲ್ಲಂತೂ ರಾಜ್ಯದ ಖಜಾನೆಯೇ ಕುಳಿತಿದೆ. ಅಬಕಾರಿಯಿಂದ ಬರುವ ಸಾವಿರಾರು ಕೋಟಿಯನ್ನು ಬಿಡಲು ಯಾವ ಪಕ್ಷದ ಸರ್ಕಾರಕ್ಕೂ ಮನಸ್ಸಾಗಿಲ್ಲ. ಆ ಹಣದ ಒಂದಿಷ್ಟು ಪಾಲನ್ನು ಲಿವರ್ ಕೆಟ್ಟವರ ವಾರ್ಡಿಗೆ ಎಂದು ಗೊತ್ತುಮಾಡಿ ಇಡಲು ಏನು ಅಡ್ಡಿ ಎಂದು ನಾನು ಕೇಳುತ್ತಲೇ ಇರುತ್ತೇನೆ.

ಇನ್ನು ಆದಾಯ ತೆರಿಗೆ ಕಟ್ಟುವವರ ಮಾತು. 2018-19ರ ಬಜೆಟ್ಟಿನಿಂದ ಅವರ ತೆರಿಗೆಯ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಇದೆ. ಆರೋಗ್ಯದ ಹೆಸರಿನಲ್ಲೇ ಕೊಡುತ್ತಿದ್ದಾರೆ, ಪಾಪ. ಆದರೆ ಸೆಸ್ ಎಂಬುದು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆಗಳ ಗುಂಪಿಗೆ ಸೇರುವುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಆಸ್ಪತ್ರೆ ಇರುವುದು ರಾಜ್ಯ ಪಟ್ಟಿಯಲ್ಲಿ. ಹಣ ಒಂದು ಕಡೆ, ಹೊಣೆ ಒಂದು ಕಡೆ. ಕೇಂದ್ರ ಅದನ್ನು ಯೋಜನೆಗಳ ಮೂಲಕ ಕೊಡಬಹುದು, ತನ್ನ ಷರತ್ತುಗಳೊಂದಿಗೆ. ತೆರಿಗೆಯಿಂದ ಆರೋಗ್ಯ ನಡೆಸಬೇಕೆನ್ನುವವರು ಜಗಳ ಆಡಬೇಕಾದ ಜಾಗ ಇದು.

“ಕಾರ್ಡು ಇದೆಯಲ್ಲ, ಇನ್ನೇನು ಬೇಕು” ಎನ್ನುವವರಿಗೂ ಉತ್ತರ ಕೊಡಬೇಕು. ಸರ್ಕಾರಿ ಆರೋಗ್ಯ ಯೋಜನೆಯ ಆ ಕಾರ್ಡನ್ನು ನಾನು ಹಗುರವಾಗಿ ಕಾಣುವವನಲ್ಲ. ಬಡ ಕುಟುಂಬಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆಗಳ ವೆಚ್ಚ ಕೊಡುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಕಾಲಿಟ್ಟಿದ್ದು ನಮ್ಮದೇ ಕಲಬುರಗಿ ವಿಭಾಗದಲ್ಲಿ. ಅದು ಬಂದ ಹಳ್ಳಿಗಳನ್ನೂ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯೊಳಗಿನ ಕಾಯಿಲೆಗಳಿಂದ ಆಗುವ ಸಾವು ಬಡ ಕುಟುಂಬಗಳಲ್ಲಿ ಗಣನೀಯವಾಗಿ ಕಡಿಮೆಯಾಗಿತ್ತು. ವಿಮಾ ಕಂಪನಿಯನ್ನು ನಡುವೆ ಬಿಟ್ಟುಕೊಳ್ಳದೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುವ ಕ್ರಮವೂ ಬುದ್ಧಿವಂತಿಕೆಯದೇ. 2018ರಲ್ಲಿ ಇದೆಲ್ಲ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಾಗಿ ಸೇರಿತು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ 30.

ಆದರೆ ಕಾರ್ಡು ಕೆಲಸ ಮಾಡುವುದು ಮನುಷ್ಯ ಮಂಚ ಹತ್ತಿದ ಮೇಲೆ. ಸಕ್ಕರೆ ಕಾಯಿಲೆಯ, ಬಿಪಿಯ ಗುಳಿಗೆಗೆ ತಿಂಗಳು ತಿಂಗಳೂ ಆಗುವ ಖರ್ಚು ಅದರಲ್ಲಿಲ್ಲ. ಖಾತೆ ಪುಸ್ತಕದಲ್ಲಿ ಒಂದೇ ದೊಡ್ಡ ಮೊತ್ತದಷ್ಟೇ ಅಪಾಯಕಾರಿ ಈ ಸಣ್ಣ ಸಣ್ಣ ಮೊತ್ತಗಳು. ಗುಳಿಗೆ ಬಿಟ್ಟವನು ಕೆಲವು ವರ್ಷಗಳ ನಂತರ ಲಕ್ವ ಹೊಡೆಸಿಕೊಂಡು ಬಂದಾಗ ಕಾರ್ಡು ಕಣ್ಣು ತೆರೆಯುತ್ತದೆ. ದೇವದುರ್ಗದ ಹಳ್ಳಿಯೊಂದರಿಂದ ಜಿಲ್ಲಾಕೇಂದ್ರಕ್ಕೆ ರೋಗಿಯೊಂದಿಗೆ ಇಬ್ಬರು ಬಂದು ನಾಲ್ಕು ದಿನ ಉಳಿದರೆ ಆಗುವ ಊಟದ ಖರ್ಚು, ತಪ್ಪಿದ ಕೂಲಿ ಇವನ್ನು ಯಾವ ಪ್ಯಾಕೇಜಿನಲ್ಲೂ ಸೇರಿಸಿಲ್ಲ. ಇಲ್ಲಿ ಆಗದ್ದಕ್ಕೆ ಕರ್ನೂಲು, ಹೈದರಾಬಾದ್ ಎಂದು ಹೊರಟರೆ ಪುಸ್ತಕದ ಪುಟವೇ ಸಾಲದು.

ಆಸ್ಪತ್ರೆಯೇ ಇಲ್ಲದ ಕಡೆ ಬಿಲ್ಲು ಕೊಡುವ ಭರವಸೆಯಿಂದ ಏನು ಪ್ರಯೋಜನ? ನಮ್ಮೂರಿನ ಓಪೆಕ್ ಆಸ್ಪತ್ರೆ ಈ ವಿಷಯದಲ್ಲಿ ಒಳ್ಳೆಯ ಪಾಠ. ತೈಲ ರಾಷ್ಟ್ರಗಳ ನಿಧಿಯ ಸಾಲದಲ್ಲಿ ಕಟ್ಟಿದ್ದು, ಹೆಸರು ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ಓಪೆಕ್ ಎಂದರೇ ಆಟೋದವರಿಗೆ ಗೊತ್ತಾಗುವುದು. ಕಟ್ಟಡ, ನೀರು, ವಿದ್ಯುತ್ ಸರ್ಕಾರದ್ದು. ನಡೆಸುವ ಹೊಣೆ ಒಪ್ಪಂದದ ಮೇಲೆ ಅಪೋಲೊಗೆ. ಆರಂಭದ ವರ್ಷಗಳ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕೆಂಬ ಕರಾರು. ಸುಮಾರು ಹತ್ತು ವರ್ಷದ ನಂತರ ಒಪ್ಪಂದ ಮುಗಿಯಿತು. ಕಟ್ಟಡ ಇಲ್ಲೇ ಉಳಿಯಿತು, ತಜ್ಞರು ಉಳಿಯಲಿಲ್ಲ. ಅಪೋಲೊ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ನನಗೆ ಬೇಡ. ನಾನು ನೋಡುವುದು ಲೆಕ್ಕ: ಸರ್ಕಾರ ಹಣ ಕೊಟ್ಟಿತು, ಆದರೆ ಊರಿನಲ್ಲೇ ಉಳಿಯುವ ವೈದ್ಯರನ್ನು ಆ ಹಣ ಬೆಳೆಸಲಿಲ್ಲ.

ಥಾಯ್ಲೆಂಡ್ ಈ ತುದಿಯಿಂದ ಕೆಲಸ ಶುರು ಮಾಡಿತು. ಹೊಸ ವೈದ್ಯರು ಹಳ್ಳಿಗಾಡಿನಲ್ಲಿ ಸೇವೆ ಸಲ್ಲಿಸಲೇಬೇಕೆಂಬ ನಿಯಮವನ್ನು ದಶಕಗಳ ಮೊದಲೇ ತಂದು, ಜಿಲ್ಲಾ ಆಸ್ಪತ್ರೆಗಳನ್ನು ಕಟ್ಟಿಕೊಂಡು, 2002ರಲ್ಲಿ ಉಳಿದ ಎಲ್ಲರನ್ನೂ ಯೋಜನೆಯೊಳಗೆ ತಂದಿತು. ಆಗ ರೋಗಿ ಕೊಡಬೇಕಾಗಿದ್ದದ್ದು ಒಂದು ಭೇಟಿಗೆ 30 ಬಾತ್. ಹಣ ತೆರಿಗೆಯಿಂದ. ಹೊರರೋಗಿಗಳ ಮಟ್ಟಿಗೆ ಎಷ್ಟು ಬಿಲ್ಲು ಬಂತೆಂದು ನೋಡದೆ ನೋಂದಾಯಿಸಿದ ಜನರ ತಲೆ ಎಣಿಸಿ ವರ್ಷಕ್ಕಿಷ್ಟು ಎಂದು ಆಸ್ಪತ್ರೆಗೆ ಕೊಡುತ್ತಾರೆ. ಹೀಗಾಗಿ ಜನರನ್ನು ಆರೋಗ್ಯವಾಗಿ ಇಟ್ಟುಕೊಂಡರೆ ಆಸ್ಪತ್ರೆಗೇ ಲಾಭ. ಅಂದಿನ ಥಾಯ್ಲೆಂಡ್ ಇಂದಿನ ಭಾರತಕ್ಕಿಂತ ಭಾರೀ ಶ್ರೀಮಂತ ದೇಶವೇನೂ ಆಗಿರಲಿಲ್ಲ. ನಮ್ಮಲ್ಲೂ ವೈದ್ಯಕೀಯ ಪದವೀಧರರ ಕಡ್ಡಾಯ ಸೇವೆಗೆ 2012ರ ಕಾಯ್ದೆ ಇದೆ. ಅದು ಎಷ್ಟರ ಮಟ್ಟಿಗೆ ಕಡ್ಡಾಯ ಎಂಬುದನ್ನು ಓದುಗರೇ ತಮ್ಮ ತಾಲ್ಲೂಕಿನಲ್ಲಿ ನೋಡಿಕೊಳ್ಳಬಹುದು.

ಪಕ್ಕದ ಬಳ್ಳಾರಿಯಲ್ಲಿ ಹಣದ ಕೊರತೆ ಎಂಬ ವಾದವೇ ನಿಲ್ಲುವುದಿಲ್ಲ. ಗಣಿ ಕಾಯ್ದೆಯ 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆದಾರರು ರಾಯಧನದ ಶೇ 30 ಅಥವಾ ಶೇ 10ರಷ್ಟನ್ನು, ಗುತ್ತಿಗೆ ಯಾವಾಗಿನದು ಎಂಬುದರ ಮೇಲೆ, ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಸಂಡೂರಿನ ಅದಿರಿನಿಂದ ಬರುವ ಆ ನಿಧಿ ಸಣ್ಣದಲ್ಲ, ಅದನ್ನು ಆರೋಗ್ಯಕ್ಕೆ ಬಳಸಲು ನಿಯಮದಲ್ಲೇ ಆದ್ಯತೆಯಿದೆ. ಅಂಥ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾಗಿ ಐವರು ಸತ್ತರು. ಸಂದೇಹ ಹೋಗಿದ್ದು ರಕ್ತನಾಳಕ್ಕೆ ಹಾಕುವ ದ್ರಾವಣದ ಮೇಲೆ. ಪೂರೈಸಿದ ಕಂಪನಿಯನ್ನು ರಾಜ್ಯ ಸರ್ಕಾರ ಕಪ್ಪುಪಟ್ಟಿಗೆ ಸೇರಿಸಿತು. ಎಲ್ಲರಿಗೂ ಚಿಕಿತ್ಸೆ ಎಂದು ವಾದಿಸುವ ನನ್ನಂಥವರಿಗೆ ಇದಕ್ಕಿಂತ ಕಠಿಣ ಪ್ರಶ್ನೆ ಇಲ್ಲ. ಆ ಹೆಣ್ಣುಮಕ್ಕಳು ಸರ್ಕಾರಿ ಆಸ್ಪತ್ರೆಯನ್ನು ನಂಬಿಯೇ ಬಂದಿದ್ದರು. ಆದ್ದರಿಂದ ಖರ್ಚಿನ ಪಟ್ಟಿ ಬರೆಯುವಾಗ ಔಷಧ ಪರೀಕ್ಷೆಯ ಪ್ರಯೋಗಾಲಯ, ಅಲ್ಲಿನ ತಂತ್ರಜ್ಞರ ಸಂಬಳ, ಕಡಿಮೆ ದರ ಕೂಗಿದವನ ಮಾಲನ್ನು ತಿರಸ್ಕರಿಸುವ ಧೈರ್ಯವಿರುವ ಅಧಿಕಾರಿ ಇವನ್ನೆಲ್ಲ ಸೇರಿಸಿಯೇ ಬರೆಯಬೇಕು. ಉಗ್ರಾಣಕ್ಕೆ ಬಂದ ಹತ್ತಿಯ ತೇವಾಂಶ ನೋಡದೆ ಗಂಜಿನಲ್ಲಿ ಯಾರೂ ದರ ಹೇಳುವುದಿಲ್ಲ. ರಕ್ತಕ್ಕೆ ಹೋಗುವ ನೀರಿಗೆ ಅಷ್ಟಾದರೂ ಬೇಡವೇ?

ಕೊನೆಗೆ ಬರುವ ಪ್ರಶ್ನೆ: “ಸಾಹುಕಾರನಿಗೂ ಉಚಿತ ಯಾಕೆ?” ಸಾಹುಕಾರನಿಗೂ ಬೇಕು ಎಂಬುದೇ ನನ್ನ ವಾದದ ಗಂಟು. ಅವನು ಹೆಚ್ಚು ತೆರಿಗೆ ಕೊಡಲಿ, ಅದೇ ಸಾಲಿನಲ್ಲಿ ನಿಲ್ಲಲಿ. ಸ್ಕ್ಯಾನಿಂಗ್ ಯಂತ್ರ ಮೂರು ತಿಂಗಳು ಕೆಟ್ಟು ನಿಂತರೆ ಹಮಾಲ ಹಣೆಬರಹ ಎಂದು ಖಾಸಗಿಗೆ ಹೋಗುತ್ತಾನೆ. ಸಾಹುಕಾರ ಶಾಸಕರಿಗೆ ಫೋನು ಮಾಡುತ್ತಾನೆ. ಆ ಫೋನು ಸರ್ಕಾರಿ ಆಸ್ಪತ್ರೆಗೆ ಬೇಕಾಗಿದೆ. ಬಿಪಿಎಲ್ ಕಾರ್ಡು ಯಾರಿಗಿರಬೇಕು ಎಂದು ಸೋಸುವ ಕೆಲಸದಲ್ಲಿ ಅರ್ಹರೇ ಜರಡಿಯಿಂದ ಬಿದ್ದುಹೋಗುವುದನ್ನು ರೇಷನ್ ವಿಷಯದಲ್ಲಿ ನೋಡಿಯೇ ಇದ್ದೇವೆ.

ತಕ್ಷಣ ಎಲ್ಲಿಂದ ಆರಂಭ ಎಂದು ಕೇಳಿದರೆ ದೆಹಲಿಯ ಬಜೆಟ್ಟಿಗೆ ಕಾಯಬೇಕಾಗಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ರಾಜ್ಯ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ನಿಮ್ಮ ಶಾಸಕರು ಸಿಕ್ಕಾಗ ಎರಡು ಅಂಕಿ ಕೇಳಿ: ನಮ್ಮ ತಾಲ್ಲೂಕಿನ ಪಾಲಿನಲ್ಲಿ ಆಸ್ಪತ್ರೆಯ ಕಟ್ಟಡಕ್ಕೆ ಎಷ್ಟು ಹೋಯಿತು, ರಾತ್ರಿ ಪಾಳಿಯ ವೈದ್ಯರು, ದಾದಿಯರು ಮತ್ತು ಗುಳಿಗೆಗಳಿಗೆ ಎಷ್ಟು ಹೋಯಿತು. ಉತ್ತರ ಸಿಕ್ಕವರು ಗಂಜಿಗೆ ಬಂದಾಗ ನನಗೂ ತಿಳಿಸಿ, ಬರೆದಿಟ್ಟುಕೊಳ್ಳುತ್ತೇನೆ.