ಸೊಟ್ಟಗಿರುವ ಮನೆಯನ್ನು ನೆಟ್ಟಗೆ ಮಾಡಬೇಕೆ?

ಇಂಗ್ಲೆಂಡಿನ ಹಳೆಯ ಮರದ ಚೌಕಟ್ಟಿನ ಮನೆಗಳ ದುರಸ್ತಿಗೆ ಸಲಹೆ ಕೊಡುವ ಸ್ಟ್ರಕ್ಚರಲ್ ಎಂಜಿನಿಯರ್ ಆಗಿರುವ ನನಗೆ ಮಾಲೀಕರು ಮೊದಲು ಕೇಳುವ ಪ್ರಶ್ನೆ, 'ಇಷ್ಟು ವಾಲಿದೆಯಲ್ಲ, ಬೀಳುವುದಿಲ್ಲವೇ?' ಎಂಬುದು. ಆಗೆಲ್ಲ ನಾನು ಚೆಷೈರ್‌ನ ಲಿಟಲ್ ಮೋರ್ಟನ್ ಹಾಲ್ ಅನ್ನು ನೋಡಿಬರಲು ಹೇಳುತ್ತೇನೆ.

ಸುತ್ತಲೂ ಕಂದಕವಿರುವ ಆ ಮನೆಯನ್ನು 16ನೇ ಶತಮಾನದ ಆರಂಭದಿಂದ ಸುಮಾರು 1610ರವರೆಗೆ ಮೋರ್ಟನ್ ಕುಟುಂಬದವರು ಹಂತಹಂತವಾಗಿ ಕಟ್ಟಿಸಿದರು. 1938ರಿಂದ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ವಶದಲ್ಲಿದೆ. ಅಂಗಳದ ಕಿಟಕಿಗಳ ಮೇಲೆ 1559ರ ಇಸವಿಯ ಜೊತೆಗೆ ರಿಚರ್ಡ್ ಡೇಲ್ ಎಂಬ ಬಡಗಿಯ ಹೆಸರೂ ಕೆತ್ತಿದೆ. ಮಾಲೀಕನ ಪಕ್ಕದಲ್ಲೇ ಬಡಗಿಯೂ ಹೆಸರು ಬರೆಸಿಕೊಂಡದ್ದು ನನಗೆ ಬಹಳ ಹಿಡಿಸುತ್ತದೆ. ದಕ್ಷಿಣ ಭಾಗದ ನೆತ್ತಿಯಲ್ಲಿ ಸುಮಾರು 21 ಮೀಟರ್ ಉದ್ದದ ಗ್ಯಾಲರಿಯಿದ್ದು, ಅದರ ಮಾಡಿಗೆ ಭಾರವಾದ ಮರಳುಗಲ್ಲಿನ ಹಾಸುಗಳನ್ನು ಹೊದಿಸಿದ್ದಾರೆ. ಆ ಹೊರೆಗೆ ಕೆಳಗಿನ ಚೌಕಟ್ಟು ಬಾಗಿ, ನೆಲ ಅಲೆಅಲೆಯಾಗಿದೆ. ಆದರೂ ಮನೆ ನಿಂತಿದೆ.

ಅದು ನಿಲ್ಲುವ ಬಗೆ ಕೀಲುಗಳಲ್ಲಿದೆ. ಆಗಿನ ಬಡಗಿಗಳು ಓಕ್ ಮರವನ್ನು ಒಣಗಿಸದೆ, ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಸವರಿ ಇನ್ನೊಂದರ ಕುಳಿಯಲ್ಲಿ ಕೂರಿಸಿ, ಎರಡರಲ್ಲೂ ತೂತು ಕೊರೆದು ಓಕ್ ಗೂಟ ಹೊಡೆಯುತ್ತಿದ್ದರು. ನಾಲಗೆಯ ತೂತನ್ನು ಬೇಕೆಂದೇ ಕೂದಲೆಳೆಯಷ್ಟು ಒಳಕ್ಕೆ ಸರಿಸಿ ಕೊರೆಯುವುದರಿಂದ, ಗೂಟ ಇಳಿದಂತೆಲ್ಲ ಕೀಲು ಬಿಗಿಯಾಗುತ್ತದೆ. ಮರ ವರ್ಷಾನುಗಟ್ಟಲೆ ಒಣಗುತ್ತ ತಿರುಚಿಕೊಂಡಾಗ ಚೌಕಟ್ಟು ತುಸು ಜರುಗಬಹುದು, ಆದರೆ ಕೀಲು ಬಿಡುವುದಿಲ್ಲ. ಆದುದರಿಂದ ನಾನು ತೂಕದ ಗುಂಡು ಇಳಿಬಿಟ್ಟು ವಾಲಿಕೆ ಅಳೆಯುವುದಕ್ಕೆ ಮೊದಲು ಕೀಲುಗಳನ್ನು ನೋಡುತ್ತೇನೆ: ಗೂಟ ತುಂಡಾಗಿದೆಯೇ, ನಾಲಗೆ ಹೊರಕ್ಕೆ ಜಾರಿದೆಯೇ, ಜಾರಿದ್ದರೆ ಆ ಸಂದಿನಲ್ಲಿ ಕಾಣುವ ಮರ ಹಳೆಯ ಧೂಳು ಹಿಡಿದದ್ದೋ ಅಥವಾ ಹೊಸದಾಗಿ ಬಯಲಾದದ್ದೋ. ಮುನ್ನೂರು ವರ್ಷಗಳ ಹಿಂದೆಯೇ ನಿಂತುಹೋದ ವಾಲಿಕೆಯನ್ನು ಜ್ಯಾಕ್ ಕೊಟ್ಟು ಎತ್ತಿ ನೆಟ್ಟಗೆ ಮಾಡಹೊರಟರೆ ಗಟ್ಟಿಯಾಗಿರುವ ಕೀಲುಗಳೇ ಸೀಳುತ್ತವೆ.

ಇಂಥ ಮನೆಗಳಿಗೆ ವಾಲಿಕೆಗಿಂತ ದೊಡ್ಡ ಶತ್ರು ನೀರು, ಅದರಲ್ಲೂ ಒಳಗೆ ಸಿಕ್ಕಿಬಿದ್ದ ನೀರು. ಚೌಕಟ್ಟಿನ ನಡುವಿನ ಜಾಗಗಳನ್ನು ಮೂಲತಃ ತಡಿಕೆ ಕಟ್ಟಿ, ಜೇಡಿಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿದು ಮುಚ್ಚುತ್ತಿದ್ದರು. (ತಡಿಕೆ ಗೋಡೆ ನೋಡಿ ಬೆಳೆದ ನಮ್ಮ ಹಳ್ಳಿಯವರಿಗೆ ಇದನ್ನು ವಿವರಿಸಬೇಕಿಲ್ಲ.) ಅಂಥ ಗೋಡೆ ಮಳೆಯಲ್ಲಿ ನೆನೆದರೂ ಗಾಳಿಗೆ ಒಣಗುತ್ತದೆ. 20ನೇ ಶತಮಾನದಲ್ಲಿ ಇದನ್ನು ಕಿತ್ತು ಸಿಮೆಂಟ್ ಗಾರೆ ಹಾಕಿದ ಮನೆಗಳು ಅನೇಕ. ಸಿಮೆಂಟ್ ಮರಕ್ಕೆ ಅಂಟಿ ನಿಲ್ಲುವುದಿಲ್ಲ. ಅಂಚಿನಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ, ಅಲ್ಲಿ ಒಳಹೊಕ್ಕ ನೀರಿಗೆ ಹೊರಗೆ ಹೋಗುವ ದಾರಿಯಿಲ್ಲ. ಒಂದು ತೋಟದ ಮನೆಯಲ್ಲಿ ಅಂಥ ಗಾರೆಯ ಅಂಚನ್ನು ಕೆರೆದಾಗ, ಹೊರಗೆ ಕಲ್ಲಿನಂತಿದ್ದ ತಳತೊಲೆಯೊಳಕ್ಕೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಕೈಗೆ ಬಂದದ್ದು ಕಾಫಿ ಚರಟದ ಬಣ್ಣದ ಪುಡಿ. ಅಲ್ಲಿಂದ ಎರಡು ಮೀಟರ್ ಆಚೆ, ಹಳೆಯ ಮಣ್ಣಿನ ಗೋಡೆಯೇ ಉಳಿದಿದ್ದ ಕಡೆ, ಅದೇ ತೊಲೆಯ ತೇವಾಂಶ ಶೇ 16 ಇತ್ತು. ಶಿಲೀಂಧ್ರ ಬೆಳೆಯಲು ಸಾಮಾನ್ಯವಾಗಿ ಶೇ 20ಕ್ಕಿಂತ ಹೆಚ್ಚು ಬೇಕು.

ಆ ಮನೆಯಲ್ಲಿ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ತೆಗೆದು, ಹಸಿ ಓಕ್‌ನ ತುಂಡನ್ನು ಓರೆಯಾಗಿ ಬೆಸೆದು ಗೂಟ ಹೊಡೆಸಿದೆವು. ಹೊಸ ತುಂಡಿಗೂ ಕಪ್ಪು ಬಣ್ಣ ಬಳಿಯಬೇಕೆಂದು ಮಾಲೀಕರು ಬಯಸಿದರು. ಇಂದು ಇಂಗ್ಲೆಂಡಿನ ಗುರುತೇ ಎನಿಸಿರುವ ಆ ಕಪ್ಪು-ಬಿಳುಪು ಬಹುಮಟ್ಟಿಗೆ ವಿಕ್ಟೋರಿಯಾ ಕಾಲದ ರುಚಿ, ಬಣ್ಣ ಬಳಿಯದ ಓಕ್ ತಾನಾಗಿ ಬೂದು ಬೆಳ್ಳಿಗೆ ತಿರುಗುತ್ತದೆ ಎಂದು ತಿಳಿಸಿದ ಮೇಲೆ ಹಾಗೆಯೇ ಬಿಡಲು ಒಪ್ಪಿದರು. ವಾಲಿದ ಮೂಲೆಯನ್ನು ನಾವು ಮುಟ್ಟಲಿಲ್ಲ. ಖರ್ಚಿನ ಪಟ್ಟಿಯಲ್ಲಿ ಅದರ ಜಾಗಕ್ಕೆ ಮಾಡಿನ ಅಂಚಿನ ಮಳೆನೀರಿನ ದೋಣಿ ಬಂತು.