ರಾತ್ರಿ ಎಂಟೂವರೆಗೆ ಬಂದ ತಡೆಯಾಜ್ಞೆ

ಪುಟ ಪ್ರೆಸ್ಸಿಗೆ ಹೋಗಲು ಇನ್ನೂ ಒಂದೂವರೆ ಗಂಟೆ ಇತ್ತು. ಮುಖ್ಯ ವರದಿಗಾರರು ಫೋನ್ ಕಿವಿಗಿಟ್ಟುಕೊಂಡೇ ಡೆಸ್ಕಿಗೆ ಬಂದರು. "ಸ್ಟೇ ತಂದಿದ್ದಾರಮ್ಮ, ಆ ಸುದ್ದಿ ತೆಗೆದುಬಿಡು" ಅಂದರು.

ಅದು ಒಬ್ಬ ದೊಡ್ಡ ನಟರ ಸುದ್ದಿ. ಅವರದೇ ನಿರ್ಮಾಣದ ಚಿತ್ರಕ್ಕೆ ದುಡಿದ ಲೈಟ್ ಹುಡುಗರಿಗೆ ಏಳು ತಿಂಗಳಿಂದ ಕೂಲಿ ಬಂದಿರಲಿಲ್ಲ. ಮೂವರು ನಮ್ಮ ಆಫೀಸಿಗೇ ಬಂದು ಹೇಳಿಕೊಂಡಿದ್ದರು. ಅವರಲ್ಲೊಬ್ಬ ಜೇಬಿನಿಂದ ಪುಟ್ಟ ಡೈರಿ ತೆಗೆದ. ಯಾವ ದಿನ ಎಷ್ಟು ಹೊತ್ತಿಗೆ ಕೆಲಸ ಶುರು, ಎಷ್ಟು ಹೊತ್ತಿಗೆ ಮುಗೀತು, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದ. ಬೆವರಿಗೆ ಹಾಳೆಗಳ ಅಂಚು ಉಬ್ಬಿತ್ತು. ಆ ಹಾಳೆಯ ಫೋಟೊವನ್ನೇ ಪುಟದ ಮಧ್ಯಕ್ಕೆ ಕೂರಿಸಿದ್ದೆ.

ಕೋರ್ಟ್ ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಟರ ಮತ್ತು ಅವರ ಕುಟುಂಬದ ಖಾಸಗಿತನಕ್ಕೆ ಧಕ್ಕೆ ಆಗುತ್ತದೆ, ಆದ್ದರಿಂದ ಮುಂದಿನ ಆದೇಶದವರೆಗೆ ಅವರ ಬಗ್ಗೆ ಮಾನಹಾನಿಕರವಾದ ಯಾವ ಸುದ್ದಿಯನ್ನೂ ಹಾಕಬಾರದು ಅಂತಿತ್ತು. ನಮ್ಮನ್ನು ಯಾರೂ ಕರೆದು ಕೇಳಿರಲಿಲ್ಲ.

ಒಂದು ಮಾತು ಹೇಳಲೇಬೇಕು. ಅದೇ ದಿನ ಸಿನಿಮಾ ಪುಟಕ್ಕೆ ಆ ನಟರ ತಾಯಿ ಆಸ್ಪತ್ರೆಯಲ್ಲಿ ಮಲಗಿದ್ದ ಫೋಟೊ ಬಂದಿತ್ತು. ಯಾರೋ ಬಾಗಿಲ ಸಂದಿಯಿಂದ ತೆಗೆದದ್ದು. ಮೂಗಿಗೆ ನಳಿಕೆ, ಜಾರಿದ ಹೊದಿಕೆ. ಅದಕ್ಕೆ ಅಡಿಬರಹ ಬರೆದವಳು ನಾನೇ. ಆ ಫೋಟೊ ತೆಗೆದುಹಾಕಲು ಕೋರ್ಟೇ ಹೇಳಬೇಕಿತ್ತಾ? ಅದನ್ನು ಅಳಿಸುವಾಗ ನಾಚಿಕೆಯಾಯಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಹಕ್ಕು ಇರುವುದು ಇಂಥ ತಾಯಿಗಾಗಿ. ಸುಪ್ರೀಂ ಕೋರ್ಟಿನಲ್ಲಿ ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಆದರೆ ಕೂಲಿ ಬಾಕಿ ಹೇಗೆ ಖಾಸಗಿ ಆಗುತ್ತದೆ? ಅದು ಆ ಹುಡುಗರ ಹೊಟ್ಟೆಪಾಡು ಅಲ್ವಾ?

ಮಾರನೇ ದಿನ ನಮ್ಮ ವಕೀಲರು ಬಿಡಿಸಿ ಹೇಳಿದರು. ಸಿವಿಲ್ ಕೇಸು ನಡೆಸುವ ಕಾನೂನಾದ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ (ಆರ್ಡರ್ ಅನ್ನುವ ಅಧ್ಯಾಯದ) ಪ್ರಕಾರ, ತಡೆಯಾಜ್ಞೆ ಕೊಡುವ ಮೊದಲು ಎದುರು ಪಕ್ಷಕ್ಕೆ ನೋಟಿಸ್ ಕೊಡುವುದೇ ನಿಯಮ. ತಡವಾದರೆ ಉದ್ದೇಶವೇ ಕೆಡುತ್ತದೆ ಅನ್ನಿಸಿದರೆ ಮಾತ್ರ ನೋಟಿಸ್ ಇಲ್ಲದೆ ಕೊಡಬಹುದು. ಅದಕ್ಕೂ ಕಾರಣ ಬರೆಯಬೇಕು, ಮೂವತ್ತು ದಿನದೊಳಗೆ ಆ ಅರ್ಜಿ ಇತ್ಯರ್ಥ ಮಾಡಲು ನೋಡಬೇಕು. ಪೂರ್ತಿ ವಿಚಾರಣೆಗೆ ಮೊದಲೇ ಲೇಖನಕ್ಕೆ ತಡೆ ಕೊಡುವುದು ಅಪರೂಪದ ಸಂದರ್ಭದಲ್ಲಿ ಮಾತ್ರ ಆಗಬೇಕು ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಟಿವಿ ಕಂಪನಿ ಝೀ ನಡುವಿನ ಕೇಸಿನಲ್ಲಿ ಹೇಳಿದೆ. ಕೆಳಗಿನ ಕೋರ್ಟು ಕೊಟ್ಟಿದ್ದ ತಡೆಯನ್ನು ತೆಗೆದೂ ಹಾಕಿದೆ. "ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಅನ್ನುವ ಅರ್ಜಿ, ಅಂದರೆ ಕೇವಿಯಟ್, ನಾವು ಮೊದಲೇ ಹಾಕಬೇಕಿತ್ತು. ಆಗ ನಮಗೆ ತಿಳಿಸದೆ ಆದೇಶ ತರುವುದು ಕಷ್ಟವಾಗುತ್ತಿತ್ತು" ಅಂದರು. ಕೇವಿಯಟ್ ಇರುವುದು 90 ದಿನ. ಎಷ್ಟು ಸುದ್ದಿಗೆ ಅಂತ ಹಾಕುವುದು?

ನಾಲ್ಕು ಸಲ ಕೇಸು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಚಿತ್ರ ಬಿಡುಗಡೆಯಾಗಿ ಟಾಕೀಸಿನಿಂದ ಇಳಿದೂ ಆಯಿತು. ಆ ಪುಟ ನನ್ನ ಕಂಪ್ಯೂಟರ್‌ನಲ್ಲಿ ಹಾಗೇ ಇದೆ.

ಡೈರಿಯ ಹುಡುಗ ಮೊನ್ನೆ ಫೋನ್ ಮಾಡಿದ್ದ. "ಅಕ್ಕಾ, ನಮ್ಮದು ಪೇಪರಲ್ಲಿ ಬಂತಾ?" ಅಂದ. ಕೋರ್ಟಿನಲ್ಲಿದೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. "ಕೋರ್ಟಿಗೆ ನಾವು ಹೋಗಲೇ ಇಲ್ಲವಲ್ಲ ಅಕ್ಕಾ" ಅಂದ.