ಎಂಟು ಮಾರು ಕೆಳಗೆ

ನಮ್ಮಪ್ಪ ನೀರಿನ ಆಳವನ್ನು ಅಡಿ ಲೆಕ್ಕದಲ್ಲಿ ಹೇಳಿದ್ದು ನಾನು ಕೇಳಿಯೇ ಇಲ್ಲ. ಮೊಣಕಾಲುದ್ದ, ಸೊಂಟದುದ್ದ, ಎದೆಮಟ್ಟ, ಆಳುದ್ದ, ಎರಡಾಳು. ಅದಕ್ಕೂ ಮಿಕ್ಕಿದರೆ ಹಗ್ಗ ಇಳಿಬಿಟ್ಟು ಮಾರಿನ ಲೆಕ್ಕ. ಎರಡು ಕೈ ಚಾಚಿದರೆ ಒಂದು ಮಾರು, ಹೆಚ್ಚುಕಮ್ಮಿ ಆರಡಿ. ಹೆಸರಘಟ್ಟ ಕೆರೆ ಏರಿ ಮೇಲೆ ಕೂತು ಗಾಳ ಹಾಕೋರು. ಬಿದಿರು ಕಡ್ಡಿ, ಜೋಳದ ದಂಟಿನ ಬೆಂಡು, ಒಂದು ಡಬ್ಬಿ ಎರೆಹುಳು. ಬಿಸಿಲು ಏರಿದ ಹಾಗೆ ಬೆಂಡನ್ನು ಜರುಗಿಸಿ ದಾರ ಒಂದು ಗೇಣು ಉದ್ದ ಮಾಡೋರು. ಯಾಕಪ್ಪಾ ಅಂದರೆ, "ಮೇಲಿನ ನೀರು ಕಾದೈತೆ, ಮೀನು ಇಳ್ಕೊಂಡಿರ್ತವೆ" ಅನ್ನೋರು. ನನಗಾಗ ಒಂಬತ್ತು ವರ್ಷ. ಆ ಒಂದು ಗೇಣಿನ ಅರ್ಥ ನನಗೆ ಆಗಿದ್ದು ಅರವತ್ತೆರಡನೇ ವಯಸ್ಸಲ್ಲಿ, ಕೆನಡಾದಲ್ಲಿ, ಬೆಳಗಿನ ಜಾವ ಐದೂವರೆಗೆ.

ಮಗಳು ಮಿಸಿಸಾಗದಲ್ಲಿದ್ದಾಳೆ. ಹೋದ ಆಗಸ್ಟ್‌ನಲ್ಲಿ ನಾನು, ನಮ್ಮನೆಯವಳು ಎರಡು ತಿಂಗಳಿಗೆ ಅಂತ ಹೋಗಿದ್ವಿ. ಮೀನು ಹಿಡಿಯೋದು ಅಂದರೆ ನನಗೆ ಪ್ರಾಣ ಅಂತ ಅಳಿಯನಿಗೆ ಗೊತ್ತು. ಒಂಟಾರಿಯೊ ಸರೋವರದ ದಡದಲ್ಲಿರೋ ಪೋರ್ಟ್ ಕ್ರೆಡಿಟ್ ಬಂದರಿನಿಂದ ಸಾಲ್ಮನ್ ಹಿಡಿಯೋಕೆ ಹೊರಡೋ ಒಂದು ಬೋಟಲ್ಲಿ ಜಾಗ ಹಿಡಿದು, ನನ್ನ ಹೆಸರಲ್ಲಿ ಒಂದು ದಿನದ ಲೈಸೆನ್ಸ್ ಕೂಡ ತೆಗೆಸಿದ್ದ. ಬಾಡಿಗೆ ಎಷ್ಟು ಅಂತ ಕೇಳಿದರೆ ಕೊನೆವರೆಗೂ ಬಾಯಿ ಬಿಡಲಿಲ್ಲ.

ಒಂಟಾರಿಯೊ ಸರೋವರಕ್ಕೆ ಕೆರೆ ಅನ್ನೋಕೆ ನನಗೆ ಬಾಯಿ ಬರಲ್ಲ. ಸುಮಾರು 19,000 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಯ ಎಂಟು ಪಟ್ಟಿಗೂ ಜಾಸ್ತಿ. ಅತೀ ಆಳದ ಕಡೆ 244 ಮೀಟರ್. ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಮೇಲೆ ಇನ್ನೊಂದು ಯುಟಿಲಿಟಿ ಬಿಲ್ಡಿಂಗ್ ನಿಲ್ಲಿಸಿದರೂ ಮುಳುಗಿಹೋಗುತ್ತೆ. ಇಷ್ಟು ನೀರಲ್ಲಿ ಒಂದು ಮೀನು ಎಲ್ಲಿದೆ ಅಂತ ಹುಡುಕೋದು ಹೇಗೆ? ಬೋಟ್ ಕಟ್ಟೆ ಬಿಡುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಕ್ಯಾಪ್ಟನ್ ನನ್ನ ವಯಸ್ಸಿನವರೇ. ಹೆಚ್ಚು ಮಾತಿಲ್ಲ. ಅವರು ಮೊದಲು ನೋಡಿದ್ದು ಮೀನನ್ನಲ್ಲ, ಥರ್ಮಾಮೀಟರನ್ನು. ಹಿಂದಿನ ದಿನ ಮೇಲಿನ ನೀರು 21 ಡಿಗ್ರಿ ಇತ್ತಂತೆ. ಆವತ್ತು ಬೆಳಗ್ಗೆ 14. ಒಂದು ರಾತ್ರಿಯಲ್ಲಿ ಏಳು ಡಿಗ್ರಿ! ನಾನು ಮೀಟರ್ ಕೆಟ್ಟಿದೆ ಅಂದುಕೊಂಡೆ. ಅವರು ಕೈಯಲ್ಲಿ ಗಾಳಿ ಬೀಸಿದ ದಿಕ್ಕು ತೋರಿಸಿ ಬಿಡಿಸಿ ಹೇಳಿದರು. ರಾತ್ರಿಯೆಲ್ಲ ಪಶ್ಚಿಮದಿಂದ ಗಾಳಿ ಹೊಡೆದರೆ ಈ ದಡದ ಬಿಸಿನೀರು ಒಳಕ್ಕೆ ಸರಿದುಹೋಗುತ್ತೆ, ಅದರ ಜಾಗಕ್ಕೆ ತಳದ ತಣ್ಣೀರು ಎದ್ದು ಬರುತ್ತೆ. ಹಾಲು ಕಾಯಿಸಿ ಆರಿಸಿಟ್ಟಾಗ ಕೆನೆಯನ್ನು ಒಂದು ಕಡೆಯಿಂದ ಊದಿದರೆ ಆ ಕಡೆಗೆ ಸರಿದು ಈ ಕಡೆ ಹಾಲು ಕಾಣುತ್ತಲ್ಲ, ಹಾಗೆ.

ಬೇಸಿಗೆಯಲ್ಲಿ ಅಂಥ ಆಳದ ನೀರು ಅಂತಸ್ತು ಅಂತಸ್ತಾಗಿ ನಿಲ್ಲುತ್ತೆ. ಮೇಲೆ ಬೆಚ್ಚಗಿನ ಹಗುರ ನೀರು. ಕೆಳಗೆ ಭಾರದ ತಣ್ಣೀರು. ನೀರು ಅತೀ ಭಾರ ಇರೋದು 4 ಡಿಗ್ರಿಯಲ್ಲಿ, ಹಾಗಾಗಿ ಆಳದ ತಳದಲ್ಲಿ ಹೆಚ್ಚುಕಮ್ಮಿ ಅದೇ. ಎರಡರ ನಡುವೆ ತೆಳ್ಳಗೆ ಒಂದು ಪದರ, ಅಲ್ಲಿ ಕೆಲವೇ ಅಡಿಯಲ್ಲಿ ಉಷ್ಣತೆ ದಡಕ್ಕನೆ ಇಳಿಯುತ್ತೆ. ಅದಕ್ಕೆ ಥರ್ಮೋಕ್ಲೈನ್ ಅಂತಾರೆ. ದೊಡ್ಡ ಸಾಲ್ಮನ್, ಅಂದರೆ ಚಿನೂಕ್, ಬೇಸಿಗೆಯಲ್ಲಿ 10ರಿಂದ 13 ಡಿಗ್ರಿ ನೀರನ್ನು ಹುಡುಕಿಕೊಂಡು ಆ ಪದರದ ಅಕ್ಕಪಕ್ಕವೇ ಓಡಾಡುತ್ತೆ. ಹಿಂದಿನ ದಿನ ಆ ಪದರ ತೊಂಬತ್ತು ಅಡಿಯಲ್ಲಿತ್ತಂತೆ. ಆವತ್ತು ನಲವತ್ತೆಂಟಕ್ಕೆ ಎದ್ದಿತ್ತು. ಸರಿಯಾಗಿ ಎಂಟು ಮಾರು. ಅಪ್ಪ ಬೆಂಡು ಜರುಗಿಸುತ್ತಿದ್ದದ್ದು ನೆನಪಾಗಿ ನನಗೆ ಮೈ ಜುಂ ಅಂತು.

ಈಗ ಆ ಯಂತ್ರದ ವಿಷಯ. ಪೀಣ್ಯದ ಟೂಲ್ ರೂಮಲ್ಲಿ 31 ವರ್ಷ ಲೇತ್ ಮುಂದೆ ನಿಂತವನು ನಾನು, ಇದನ್ನು ಹೇಳದೆ ಮುಂದಕ್ಕೆ ಹೋಗೋಕಾಗಲ್ಲ. ಅದಕ್ಕೆ ಡೌನ್‌ರಿಗ್ಗರ್ ಅಂತಾರೆ. ಬೋಟಿನ ಹಿಂಬದಿಯಲ್ಲಿ ಒಂದು ಡ್ರಮ್ಮು, ಅದಕ್ಕೆ ಸುತ್ತಿದ ಉಕ್ಕಿನ ತಂತಿ, ತಂತಿ ತುದಿಗೆ ಐದು ಕೆ.ಜಿ. ಸೀಸದ ಗುಂಡು. ಗುಂಡಿನ ಹತ್ತಿರ ಒಂದು ಕ್ಲಿಪ್ಪು. ಮೀನಿನ ದಾರವನ್ನು ಆ ಕ್ಲಿಪ್ಪಿಗೆ ಕಚ್ಚಿಸಿ ಗುಂಡನ್ನು ಇಳಿಸ್ತಾರೆ, ಎಷ್ಟಡಿ ಇಳೀತು ಅಂತ ಡ್ರಮ್ಮಿನ ಕೌಂಟರ್ ತೋರಿಸುತ್ತೆ. ಗಾಳ ಸಿಕ್ಕಿಸಿದ ತಗಡಿನ ಚಮಚ, ಅಂದರೆ ಮೀನಿಗೆ ತೋರಿಸೋ ಸುಳ್ಳು ಎರೆ, ಗುಂಡಿನಿಂದ ಇಪ್ಪತ್ತು ಮೂವತ್ತಡಿ ಹಿಂದೆ ಈಜಿಕೊಂಡು ಬರುತ್ತೆ. ಸಣ್ಣ ಮೀನು ಗಾಯಗೊಂಡು ಓಲಾಡೋ ಹಾಗೆ ಓಲಾಡುತ್ತೆ.

ಬೋಟ್ ಗಂಟೆಗೆ ಎರಡೂವರೆ ಮೈಲಿಯಂತೆ ನಿಧಾನಕ್ಕೆ ಹೋಗ್ತಿರುತ್ತೆ. ಹಾಗೆ ಎಳೆಯುವಾಗ ತಂತಿ ನೆಟ್ಟಗೆ ನಿಲ್ಲಲ್ಲ, ಹಿಂದಕ್ಕೆ ಓರೆಯಾಗುತ್ತೆ. ಹಾಗಾಗಿ ಕೌಂಟರ್ ಐವತ್ತೈದು ಅಂದರೂ ಗುಂಡು ನಿಜಕ್ಕೂ ಇರೋದು ಅದಕ್ಕಿಂತ ಮೇಲೆ. ಕ್ಯಾಪ್ಟನ್ ಓರೆ ನೋಡಿಯೇ ಲೆಕ್ಕ ಹಿಡೀತಿದ್ದರು. ನಾನು ಮನಸ್ಸಲ್ಲೇ ಕೊಸೈನ್ ಹಾಕಿ ನೋಡಿದೆ, ಇಬ್ಬರದೂ ತಾಳೆಯಾಯಿತು. ತಂತಿ ಮೇಲೆ ಬೆರಳಿಟ್ಟರೆ ತಂಬೂರಿ ಶ್ರುತಿ ಥರ ಸಣ್ಣಗೆ ಮಿಡಿಯುತ್ತೆ. ಗುಂಡಿನ ಪಕ್ಕದಲ್ಲಿ ಕಟ್ಟಿದ ಸೆನ್ಸರ್ ಆ ಆಳದ ಉಷ್ಣತೆ, ಆ ಆಳದ ವೇಗ ಎರಡನ್ನೂ ಮೇಲಕ್ಕೆ ಕಳಿಸ್ತಾ ಇರುತ್ತೆ. ಮೇಲಿನ ನೀರು ಒಂದು ಕಡೆ ಹರಿದರೆ ಕೆಳಗಿನದು ಇನ್ನೊಂದು ಕಡೆ ಹರೀಬಹುದು, ಆದ್ದರಿಂದ ಬೋಟಿನ ವೇಗ ನಂಬಿ ಕೂತರೆ ಚಮಚ ಸತ್ತ ಎಲೆ ಥರ ಬರ್ತಿರುತ್ತಂತೆ.

ಚಮಚದ ಬಣ್ಣದಲ್ಲೂ ಒಂದು ವಿಚಾರ ಇದೆ. ನೀರೊಳಗೆ ಇಳಿದ ಹಾಗೆ ಮೊದಲು ಮಾಯವಾಗೋದು ಕೆಂಪು. ಹಸಿರು, ನೀಲಿ ಆಳದವರೆಗೂ ಉಳೀತವೆ. ಕತ್ತಲಲ್ಲಿ ಹೊಳೆಯೋ ಬಣ್ಣ ಬಳಿದ ಚಮಚವೊಂದನ್ನು ಕ್ಯಾಪ್ಟನ್ ಟಾರ್ಚ್ ಮುಂದೆ ಹಿಡಿದು ಬೆಳಕು ಕುಡಿಸಿ, ಇಳಿಸಿದರು. ತೆಳು ಹಸಿರು ಮಿಣುಕು ಕೆಳಗಿಳಿದು ಕಣ್ಣಿಂದ ಮರೆಯಾಗೋವರೆಗೂ ನಾನು ಬಗ್ಗಿ ನೋಡ್ತಾನೇ ಇದ್ದೆ.

ಕೋಲನ್ನು ಹೋಲ್ಡರಿಗೆ ಸಿಕ್ಕಿಸಿ ದಾರ ಬಿಗಿ ಎಳೆದಿರ್ತಾರೆ. ಬಿಲ್ಲಿಗೆ ಹೆದೆ ಏರಿಸಿದ ಹಾಗೆ ತುದಿ ನೀರಿನ ಕಡೆ ಬಾಗಿರುತ್ತೆ. ಮೀನು ಕಚ್ಚಿ ಕ್ಲಿಪ್ಪು ಬಿಟ್ಟುಕೊಂಡರೆ ಬಾಗಿದ ಕೋಲು ಒಂದು ಕ್ಷಣ ಚಟ್ಟನೆ ನೆಟ್ಟಗಾಗುತ್ತೆ. ಮೀನು ಸಿಕ್ಕಿದ್ದಕ್ಕೆ ಗುರುತು ಅದು. ಬೆಂಡು ಮುಳುಗೋದನ್ನು ನೋಡಿ ಬೆಳೆದವನಿಗೆ, ಕೋಲು ಎದ್ದು ನಿಲ್ಲೋದನ್ನು ಕಾಯೋದು ಅಂದರೆ ಮನಸ್ಸು ಒಗ್ಗೋಕೆ ಹೊತ್ತು ಬೇಕು.

ಆರೂಕಾಲಿಗೆ ಎಡಗಡೆ ಕೋಲು ಎದ್ದಿತು. ನಾನೇ ಹಿಡಿದೆ. ಮುಂದೆ ಆದದ್ದನ್ನು ಉದ್ದ ಎಳೆಯಲ್ಲ. ರೀಲಿನಿಂದ ದಾರ ಕೂಗಿಕೊಂಡು ಓಡ್ತಾ ಇತ್ತು, ನಿಲ್ಲೋ ಲಕ್ಷಣವೇ ಇಲ್ಲ. ಸಡಿಲ ಅನ್ನಿಸಿದ್ದನ್ನು ಬಿಗಿ ಮಾಡೋದು ನನ್ನ ಕೈಗೆ 31 ವರ್ಷದ ರೂಢಿ. ಬ್ರೇಕಿನ ಚಕ್ರವನ್ನು ಕಾಲು ಸುತ್ತು ತಿರುಗಿಸಿಬಿಟ್ಟೆ. ಟಪ್ ಅಂತು. ಆಮೇಲೆ ಕೋಲಿನಲ್ಲಿ ಏನೂ ಭಾರ ಇಲ್ಲ. ಆ ಹಗುರತನ ಕೈಯಲ್ಲಿ ಇವತ್ತಿಗೂ ಹಾಗೇ ಇದೆ. ಬಾಯಲ್ಲಿ ಚಮಚ ಇಟ್ಟುಕೊಂಡೇ ಹೋಯಿತಲ್ಲ ಆ ಜೀವ, ಅದೇ ಹೆಚ್ಚು ನೋವು. ಕ್ಯಾಪ್ಟನ್ ಬೈಯಲಿಲ್ಲ. ಓಡುವಾಗ ಓಡಗೊಡಬೇಕು, ಅದು ನಿಂತಾಗ ನಿಮ್ಮ ಸರದಿ ಅಂತ ಮಾತ್ರ ಹೇಳಿ, ಹೊಸ ದಾರಕ್ಕೆ ಗಂಟು ಹಾಕೋಕೆ ಕೂತರು.

ಎರಡನೆಯದು ಏಳೂವರೆ ಹೊತ್ತಿಗೆ. ಚಕ್ರದ ಹತ್ತಿರ ಕೈ ಹೋಗದ ಹಾಗೆ ಎಡಗೈಯನ್ನು ಕೋಲಿನ ಮೇಲೇ ಇಟ್ಟುಕೊಂಡೆ. ಮೊದಲ ಓಟಕ್ಕೇ ರೀಲಿನ ಕೌಂಟರಿನಲ್ಲಿ ಮುನ್ನೂರು ಅಡಿಗೂ ಜಾಸ್ತಿ ದಾರ ಹೋಯಿತು. ನಿಂತಿತು. ಕೋಲು ಎತ್ತಿ, ಇಳಿಸುತ್ತಾ ಸುತ್ತಿದೆ. ಹತ್ತಿರ ಬಂದು ಬೋಟ್ ನೋಡಿ ಮತ್ತೆ ಇಳಿದುಹೋಯಿತು. ಹೀಗೆ ನಾಲ್ಕು ಸಲ. ಇಪ್ಪತ್ತೈದು ನಿಮಿಷ ಆದಮೇಲೆ ಅಳಿಯ ಬಲೆ ಚಾಚಿದ. ತೂಕ 24 ಪೌಂಡ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಹನ್ನೊಂದು ಕೆ.ಜಿ.

ಬೆನ್ನು ಕಡುಹಸಿರು, ಪಕ್ಕ ಬೆಳ್ಳಿ, ಬಾಲದ ಮೇಲಿನ ಕೆಳಗಿನ ಎರಡೂ ಎಸಳಿನಲ್ಲಿ ಕರಿ ಚುಕ್ಕಿ. ಕ್ಯಾಪ್ಟನ್ ಬಾಯಿ ತೆರೆದು ತೋರಿಸಿದರು. ಒಸಡು ಇದ್ದಿಲಿನಷ್ಟು ಕಪ್ಪು. ಒಸಡು ಬಿಳಿಚಿದ್ದರೆ ಅದು ಕೋಹೋ ಅನ್ನೋ ಇನ್ನೊಂದು ಜಾತಿ ಸಾಲ್ಮನ್, ಕಪ್ಪಿದ್ದರೆ ಚಿನೂಕ್. ಆಗಸ್ಟ್‌ನಲ್ಲಿ ಈ ದೊಡ್ಡವು ಹುಟ್ಟಿದ ಹೊಳೆಯ ಬಾಯಿ ಹತ್ತಿರ ಬಂದು ಸೇರ್ತವೆ. ಮೂರ್ನಾಲ್ಕು ವರ್ಷ ಸರೋವರದಲ್ಲಿ ತಿಂದು ಬೆಳೆದು, ನೀರಿನ ವಾಸನೆ ಹಿಡಿದು ಹೊಳೆ ಏರಿ, ಮೊಟ್ಟೆ ಇಟ್ಟು ಸಾಯುತ್ತವೆ. ಅಲ್ಲಿಂದ ವಾಪಸ್ಸು ಅನ್ನೋದು ಇಲ್ಲ.

ಈ ಮೀನು ಆ ನೀರಿನದಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಇದು ಪೆಸಿಫಿಕ್ ಕಡೆಯದು. ಒಂಟಾರಿಯೊ ಸರೋವರದ ಸ್ವಂತ ಅಟ್ಲಾಂಟಿಕ್ ಸಾಲ್ಮನ್ 19ನೇ ಶತಮಾನ ಮುಗಿಯೋ ಹೊತ್ತಿಗೆ ಅಳಿದುಹೋಗಿತ್ತು. ಗಿರಣಿಗಳಿಗೆ ಅಂತ ಹೊಳೆಗಳಿಗೆ ಅಡ್ಡಗಟ್ಟೆ ಹಾಕಿದರು, ಕಾಡು ಕಡಿದರು, ಮಿತಿಯಿಲ್ಲದೆ ಹಿಡಿದರು. ನಯಾಗರದಿಂದ ಮೇಲಿರೋ ಮಿಶಿಗನ್ ಮುಂತಾದ ಸರೋವರಗಳ ಕಥೆ ಬೇರೆ. ನಯಾಗರ ಜಲಪಾತ ತಡೆದಿದ್ದ ಲ್ಯಾಂಪ್ರೇ ಅನ್ನೋ ಹಾವಿನಂಥ ರಕ್ತಹೀರುಕ, ಹಡಗಿಗಾಗಿ ತೋಡಿದ ಕಾಲುವೆಯಿಂದ ಒಳಹೊಕ್ಕು ಅಲ್ಲಿನ ದೊಡ್ಡ ಟ್ರೌಟ್ ಮೀನುಗಳನ್ನು ಮುಗಿಸಿತು. ತಿನ್ನೋರಿಲ್ಲದೆ ಏಲ್‌ವೈಫ್ ಅನ್ನೋ ಪುಡಿಮೀನು ವಿಪರೀತ ಹೆಚ್ಚಿ, 1967ರ ಬೇಸಿಗೆಯಲ್ಲಿ ಮಿಶಿಗನ್ ಸರೋವರದ ದಡದುದ್ದಕ್ಕೂ ಸತ್ತು ರಾಶಿ ಬಿತ್ತು. ಅದಕ್ಕೆ ಒಂದು ವರ್ಷ ಮುಂಚೆ, 1966ರಲ್ಲಿ, ಮಿಶಿಗನ್ ರಾಜ್ಯದ ಹೊವಾರ್ಡ್ ಟ್ಯಾನರ್ ಅನ್ನೋ ಅಧಿಕಾರಿಯ ಹಟದಿಂದ ಆರೆಗನ್‌ನ ಕೋಹೋ ಮೊಟ್ಟೆ ತರಿಸಿ ಬೆಳೆಸಿದ ಮರಿಗಳನ್ನು ಬಿಟ್ಟಿದ್ದರು. ಮರುವರ್ಷ ಚಿನೂಕ್. ಪುಡಿಮೀನು ತಿಂದು ಅವು ಹೇಗೆ ಬೆಳೆದವು ಅಂದರೆ ಸುತ್ತಲಿನವರೆಲ್ಲ ಅದೇ ದಾರಿ ಹಿಡಿದರು. ಹೊರಗಿನ ಮೀನು ತಂದು ಬಿಡೋದು ನನಗೆ ಸಾಮಾನ್ಯವಾಗಿ ಹಿಡಿಸಲ್ಲ, ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಏನು ಮಾಡಿದೆ ಅಂತ ಕಣ್ಣಾರೆ ಕಂಡಿದ್ದೀನಿ. ಆದರೂ ಟ್ಯಾನರ್ ಮಾಡಿದ್ದನ್ನು ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ.

ಅಡುಗೆ ವಿಷಯ ಚಿಕ್ಕದಾಗಿ. ನಮ್ಮನೆಯವಳು ಹುಣಸೆಹುಳಿ ಹಾಕಿ ಸಾರು ಮಾಡಿದಳು. ಮೀನು ಮೆತ್ತಗೆ, ಎಣ್ಣೆ ಜಾಸ್ತಿ, ಸಾರಿಗೆ ನಿಲ್ಲಲಿಲ್ಲ. ಮಾರನೇ ದಿನ ಮೆಣಸು, ಉಪ್ಪು, ನಿಂಬೆ ಹಚ್ಚಿ ಕೆಂಡದ ಮೇಲೆ ಇಟ್ಟಾಗ ಅಮೃತ. ಹಾಗಂತ ದಿನಾ ತಿನ್ನೋ ಮೀನಲ್ಲ. ದೊಡ್ಡ ಮೀನಿನ ಕೊಬ್ಬಿನಲ್ಲಿ ಹಳೇ ಕಾರ್ಖಾನೆ ವಿಷ ಸೇರಿರುತ್ತೆ, ಯಾವ ಗಾತ್ರದ್ದನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಅಲ್ಲಿನ ಸರ್ಕಾರವೇ ಪಟ್ಟಿ ಕೊಡುತ್ತೆ. ಇನ್ನೊಂದು ಮಾತು. ನಮ್ಮೂರ ಅಂಗಡಿಗಳಲ್ಲಿ ಇಂಡಿಯನ್ ಸಾಲ್ಮನ್ ಅಂತ ಮಾರೋದು ರಾವಸ್. ಒಳ್ಳೇ ಮೀನು, ಆದರೆ ಸಮುದ್ರದ್ದು, ಸಾಲ್ಮನ್‌ಗೂ ಅದಕ್ಕೂ ಸಂಬಂಧ ಇಲ್ಲ.

ಬೆಂಗಳೂರಿಗೆ ಬಂದಮೇಲೆ ಸುಮ್ಮನೆ ಕೂರೋಕಾಗಲಿಲ್ಲ. ನಮ್ಮ ನೀರಿಗೂ ಅಂತಸ್ತು ಇದೆಯಾ ನೋಡಲೇಬೇಕು ಅನ್ನಿಸಿತು. ಪೀಣ್ಯದ ಹಳೇ ಶೆಡ್ಡಿಗೆ ಹೋಗಿ 75 ಮಿ.ಮೀ. ರಾಡಿನಲ್ಲಿ 145 ಮಿ.ಮೀ. ಉದ್ದ ಕತ್ತರಿಸಿ, ತುದಿ ದುಂಡಗೆ ಮಾಡಿ, ಕೊಂಡಿ ಕೂರಿಸಿದೆ. ತೂಕಕ್ಕಿಟ್ಟರೆ ಸರಿಯಾಗಿ ಐದು ಕೆ.ಜಿ. ಉದ್ದ ವೈರಿನ ಥರ್ಮಾಮೀಟರ್ ಒಂದನ್ನು ಅದಕ್ಕೆ ಬಿಗಿದು, ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿದೆ. ಈ ಏಪ್ರಿಲ್‌ನಲ್ಲಿ ನಾನು, ಗೆಳೆಯ ನಂಜುಂಡ, ಚಿಕ್ಕಜಾಲದ ಆಚೆ ಕೆಲಸ ನಿಂತ ಒಂದು ಕಲ್ಲುಕ್ವಾರಿಗೆ, ಮಾಲೀಕರ ಅಪ್ಪಣೆ ತಗೊಂಡು ಹೋದ್ವಿ. ಸುತ್ತಮುತ್ತ ಅಷ್ಟು ಆಳದ ನೀರು ನನಗೆ ಬೇರೆ ಸಿಗಲಿಲ್ಲ. ನೀರಿಗಿಳಿಯೋ ಜಾಗವಲ್ಲ ಅದು. ಬಂಡೆ ಮೇಲೆ ನಿಂತು ಗಳು ಚಾಚಿ ಇಳಿಸಿದ್ವಿ.

ಮೇಲೆ 29.5. ಎರಡು ಮಾರಿಗೆ 28. ನಾಲ್ಕು ಮಾರಿಗೆ 25. "ಅಯ್ಯೋ, ಇಳೀತಾ ಐತಲ್ಲ ಕಣಯ್ಯಾ!" ಅಂತ ನಂಜುಂಡ ಕೂಗಿದ. ಏಳು ಮಾರಿಗೆ 23.5, ಅಲ್ಲಿ ಗುಂಡು ತಳ ಮುಟ್ಟಿತು. ಚಳಿಗಾಲದಲ್ಲಿ ತಣಿದ ನೀರು ಬೇಸಿಗೆಯಲ್ಲೂ ಅಲ್ಲೇ ಕೂತಿತ್ತು.

ಗುಂಡು ಮೇಲೆ ಎಳೆದಾಗ ಅದಕ್ಕೆ ಮೆತ್ತಿದ ಕರಿ ಕೆಸರಿನಿಂದ ಕೊಳೆತ ಮೊಟ್ಟೆ ವಾಸನೆ. ಪೋರ್ಟ್ ಕ್ರೆಡಿಟ್‌ನ ಗುಂಡು ಹತ್ತು ಸಲ ಮೇಲೆ ಬಂದರೂ ಮಳೆನೀರಿನ ವಾಸನೆ ಬಿಟ್ಟು ಬೇರೆ ಇರಲಿಲ್ಲ. ಅಲ್ಲಿನ ತಳದ ನೀರು ತಣ್ಣಗಿದ್ದು ಆಮ್ಲಜನಕ ಹಿಡಿದುಕೊಂಡಿರುತ್ತೆ, ಅದಕ್ಕೇ ಅಷ್ಟು ಆಳದಲ್ಲೂ ಹನ್ನೊಂದು ಕೆ.ಜಿ. ಮೀನು ಉಸಿರಾಡುತ್ತೆ. ನಮ್ಮ ಕೆಳಗಿನ ಅಂತಸ್ತಿನಲ್ಲಿ ಉಸಿರು ಮುಗಿದಿರುತ್ತೆ. ಅಪ್ಪ ಯಾವ ಬಿಸಿಲಿಗೂ ಬೆಂಡನ್ನು ಒಂದೇ ಗೇಣು ಜರುಗಿಸಿ ನಿಲ್ಲಿಸುತ್ತಿದ್ದರು, ಎರಡು ಗೇಣು ಬಿಟ್ಟದ್ದು ನಾನು ನೋಡಿಲ್ಲ. ಯಾಕೆ ಅಂತ ಕೇಳೋಕೆ ಈಗ ಅವರಿಲ್ಲ.

ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಎರಡು ಕಾಲಂ ಬರೆದಿಟ್ಟಿದ್ದೀನಿ, ಎಡಕ್ಕೆ ಆ ಸರೋವರ, ಬಲಕ್ಕೆ ಈ ಕ್ವಾರಿ. ಬಲಗಡೆ ಇನ್ನೊಂದು ಸಾಲಿಗೆ ಜಾಗ ಬಿಟ್ಟಿದೆ. ಡಿಸೆಂಬರ್ ಚಳಿಗೆ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಇಳಿದರೆ ಎರಡೂ ಅಂತಸ್ತು ಕಲೆಯಬೇಕು. ಆಗ ಇನ್ನೊಂದು ಸಲ ಗುಂಡು ಇಳಿಸೋದು ಅಂತ ನಂಜುಂಡ, ನಾನು ಮಾತಾಡಿಕೊಂಡಿದ್ದೀವಿ. ಹಗ್ಗ ಅವನ ಮನೆ ಅಟ್ಟದ ಮೇಲಿದೆ.